ಹತ್ತು ಜೇಡಗಳನ್ನು ಕೊಂದು ಬಾ

ಎರಡು ವರ್ಷ ಕಾಯಿಸಿದರು.
ಮೊದಲು ಒಂದು ಬೆಟ್ಟ ತೋರಿಸಿದರು,
ಬೆಟ್ಟದಲ್ಲೊಂದು ಕಣ್ಣು ತೆರೆಯಿತು.
ಆಮೇಲೆ ದಿನ ಎಣಿಸುವ ಗಡಿಯಾರ.
ಮೊಬೈಲ್ ಅಂಗಡಿಯ ಗಂಗಾದ್ರಿ ಹೇಳಿದ:
ಇದೊಂದು ಬರಲಿ ಜಬೀನಕ್ಕಾ,
ಮಿಕ್ಕ ಆಟಗಳೆಲ್ಲ ಷಟರ್ ಎಳೆಯುತ್ತವೆ, ಬರೆದಿಟ್ಟುಕೊ.

ಅಬ್ಬಾನ ಫಿಲೇಚರಿನ ಲೆಕ್ಕಕ್ಕೆಂದು ಕೊಂಡ ಕಂಪ್ಯೂಟರಿಗೆ
ಮೂರು ರಾತ್ರಿ ಇಳಿಯಿತು, ತೊಂಬತ್ತೆರಡು ಜಿಬಿ.
ಎಪ್ಪತ್ತರಲ್ಲಿ ಕರೆಂಟು ಹೋಯಿತು.
ಬಂದಾಗಲೂ ಎಪ್ಪತ್ತರಲ್ಲೇ ಇತ್ತು, ಪುಣ್ಯ.

ಬಾಗಿಲು ತೆರೆದ ದಿನ ಒಳಗೆ ಬಿಡಲಿಲ್ಲ.
ಸರತಿಯಲ್ಲಿ ನೀವು
ಹದಿನಾಲ್ಕು ಸಾವಿರದ ಮುನ್ನೂರ ಹನ್ನೆರಡು.
ಅನ್ನಕ್ಕಿಟ್ಟು ಬಂದೆ: ಹದಿಮೂರು ಸಾವಿರ.
ಗಂಜಿ ಬಸಿದು ಬಂದೆ: ಹದಿನಾರು ಸಾವಿರ!
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲೂ ಜನ ನುಗ್ಗುತ್ತಾರೆ,
ಅಲ್ಲಿ ಮುಖ ಕಾಣುತ್ತದೆ,
ಬಯ್ಯಬಹುದು.

ಹನ್ನೊಂದೂಮುಕ್ಕಾಲಿಗೆ ಒಳಗೆ.
ಮುಖ ಮಾಡಿಕೊಳ್ಳಿ ಅಂದಿತು.
ಕಿವಿಯ ತುದಿಗೆ ನಲವತ್ತು ಅಳತೆ, ದವಡೆಗೆ ಅರವತ್ತು.
ಕೈ ಮಾತ್ರ ಎಲ್ಲರದೂ ಒಂದೇ.
ನನ್ನ ಬೆರಳ ತುದಿ ಬೇಯಿಸಿದ ಕಡಲೆಕಾಯಿ ಸಿಪ್ಪೆ,
ಬೇಸಿನ್ನಿನ ಸುಡುನೀರಲ್ಲಿ
ಹನ್ನೊಂದು ವರ್ಷ ಎಳೆಯ ತುದಿ ಹುಡುಕಿದ್ದು.
ಅದಕ್ಕೆ ಅಲ್ಲಿ ಗುಂಡಿಯಿರಲಿಲ್ಲ.
ಹೆಸರು ಜಬೀನಾ ಅಂತ ಒತ್ತಿದೆ,
ಯಾರೋ ಆಗಲೇ ತೆಗೆದುಕೊಂಡಿದ್ದಾರೆ.
ಜಬೀನಾ೨, ಅದೂ ಹೋಗಿದೆ.
ಸಿಟ್ಟಿಗೆ ಬಿಸಿನೀರು ಅಂತ ಒತ್ತಿದೆ.
ಸಿಕ್ಕಿತು.

ಚೆಂದವೇ, ಸುಳ್ಳು ಯಾಕೆ.
ಹುಲ್ಲಿನ ಒಂದೊಂದು ಗರಿಯೂ ತನ್ನ ಪಾಡಿಗೆ ಬಾಗುತ್ತದೆ.
ಮತ್ತೆ, ನದಿ.
ನಂದಿಯ ಸಾಲಿನಲ್ಲಿ ನದಿಗಳು ಹುಟ್ಟುತ್ತವೆ ಎಂದು
ಆರನೇ ಕ್ಲಾಸಿನಲ್ಲಿ ಬರೆದು ಐದಕ್ಕೈದು ತೆಗೆದವಳು ನಾನು,
ಹರಿಯುವುದನ್ನು ನೋಡಿರಲಿಲ್ಲ.
ಮೊಣಕಾಲ ಮಟ್ಟ ಇಳಿದೆ.
ಚರ್ಮದ ಪಾಯಜಾಮ ನೆನೆಯಿತು,
ದಡಕ್ಕೆ ಬಂದರೆ ತಾನೇ ಒಣಗಿತು.
ಮತ್ತೆ ಇಳಿದೆ.
ಎಷ್ಟು ಹೊತ್ತೋ.

ಆಮೇಲೆ ಗಡ್ಡದವನೊಬ್ಬ, ತಲೆಯ ಮೇಲೆ ಹಳದಿ ಚಿಹ್ನೆ.
ಸಾವಿರ ವರ್ಷದ ಯುದ್ಧದ ಕಥೆ ಶುರು ಮಾಡಿದ,
ಬಿಟ್ಟು ಬಿಟ್ಟು ಓದಿದೆ.
ಕೊನೆಗೆ ಅಂದ:
ಹತ್ತು ಜೇಡಗಳನ್ನು ಕೊಂದು ಬಾ,
ಹತ್ತು ಎಳೆ ರೇಷ್ಮೆ ತಾ.

ರೇಷ್ಮೆ!
ನಾನು ನಕ್ಕದ್ದಕ್ಕೆ ಗೋಡೆಯಾಚೆ ಅಮ್ಮಿ ಎದ್ದು ಕೆಮ್ಮಿದಳು.
ಎರಡು ವರ್ಷದ ಡಂಗುರ, ಆ ಬೆಟ್ಟ, ಆ ಕಣ್ಣು,
ಎಲ್ಲ ಆಗಿ ಕಳಿಸಿದ್ದು ಕೆಲಸಕ್ಕೇ.

ಗುಹೆಯ ಮುಂದೆ ಇನ್ನೂರು ವೀರರು,
ಕೊಂಬಿನ ಟೋಪಿ, ಉರಿಯುವ ಕತ್ತಿ,
ಒಂದು ಜೇಡ ಹುಟ್ಟಲೆಂದು ಕಾದು ನಿಂತಿದ್ದಾರೆ.
ಹುಟ್ಟಿದ್ದೇ ತಡ, ಸತ್ತಿರುತ್ತದೆ.
ಯಾರೋ ಬರೆದರು: ಏನ್ರಪ್ಪಾ, ರೇಷನ್ ಅಂಗಡಿನಾ ಇದು?
ಎಲ್ಲಿಂದ, ಅಂದೆ.
ಬಾಗೇಪಲ್ಲಿ, ಮೀರು?
ಶಿಡ್ಲಘಟ್ಟ.
ಓ, ಗೂಡು! ಅಂದ ಕಾಳರಾತ್ರಿ೭೭.
ನಮ್ಮ ಹುಳ ನಾಲ್ಕನೇ ಜ್ವರದಲ್ಲಿವೆ ಅಕ್ಕಾ,
ಅವು ಏಳುವುದರೊಳಗೆ ಎರಡು ಜೇಡವಾದರೂ ಆಗಬೇಕು.

ಅವನು ಹಿಂದಿನಿಂದ, ನಾನು ಮುಂದಿನಿಂದ.
ಎಳೆ ಸುತ್ತಿದ್ದು ಸುತ್ತಿದ ಹಾಗೇ ಬಿತ್ತು,
ಬೇಯಿಸಬೇಕಿಲ್ಲ, ಒಳಗೆ ಹುಳವಿಲ್ಲ, ನಾತವಿಲ್ಲ.
ನನ್ನ ಕೈ ಮೂಸಿ ನೋಡಿಕೊಂಡೆ.
ಅದು ಇದ್ದ ಹಾಗೇ ಇತ್ತು.

ನಾಲ್ಕು ಎಳೆಯಾಗಿತ್ತು. ಕಾಳರಾತ್ರಿ೭೭
ಎದ್ದವು, ಸೊಪ್ಪಿಗೆ ಹೋಗ್ತೀನಿ, ಅಂತ ಬರೆದು ಮಾಯ.
ಎರಡೂ ಹತ್ತಕ್ಕೆ ಇಡೀ ಲೋಕವೇ ನಿಂತುಹೋಯಿತು:
ದುರಸ್ತಿ ನಡೆದಿದೆ, ಸಹಕರಿಸಿ.

ಬೆಳಿಗ್ಗೆ ಬೇಸಿನ್ನಿನ ಮುಂದೆ ತೂಕಡಿಸುತ್ತಿದ್ದೆ.
ಗಂಗಾದ್ರಿ ಬೈಕು ನಿಲ್ಲಿಸದೆಯೇ ಕೂಗಿದ,
ಹೇಗಿದೆಯಕ್ಕಾ?

ನೀರು ಚೆನ್ನಾಗಿದೆ ಅಂದೆ.
ಆರು ಜೇಡ ಬಾಕಿ.